ಒಂದು ಹಗಲಿನ ಫ್ಲಾರೆನ್ಸ್

ರೋಮ್ ನಗರದಿಂದ ಬೆಳಗಿನ ಜಾವಕ್ಕೆ ಹೊರಟ ಪ್ರವಾಸಿ ಬಸ್ಸು ಸುಮಾರು 280 ಕಿಲೋಮೀಟರು ಉತ್ತರಕ್ಕೆ ಓಡಿ, ಬಿಸಿಲೇರುವ ಹೊತ್ತಿಗೆ ಒಂದು ಗುಡ್ಡದ ಮೇಲೆ ನಿಲ್ಲುತ್ತದೆ. ದಾರಿಯ ಇಕ್ಕೆಲದ ದ್ರಾಕ್ಷಿತೋಟಗಳನ್ನೂ ಆಲಿವ್ ಮರಗಳ ಸಾಲುಗಳನ್ನೂ ನೋಡುತ್ತ ತೂಕಡಿಕೆಗೆ ಜಾರಿದ್ದವರು ಕಣ್ಣುಜ್ಜಿಕೊಂಡು ಕೆಳಗಿಳಿಯುತ್ತಾರೆ. ನಾಲ್ಕು ಹೆಜ್ಜೆ ನಡೆದು ಕಲ್ಲಿನ ಕಟಕಟೆಯ ಬಳಿ ನಿಂತು ಕೆಳಗೆ ನೋಡಿದೊಡನೆ ಎಲ್ಲರ ಮಾತೂ ತಾನಾಗಿಯೇ ನಿಂತುಹೋಗುತ್ತದೆ. ಕಣಿವೆಯಲ್ಲಿ ಆರ್ನೋ ನದಿ. ಅದರ ಮೇಲೆ ಒಂದರ ಹಿಂದೊಂದು ಸೇತುವೆಗಳು. ಆಚೆಯ ದಡದಲ್ಲಿ ಕಣ್ಣು ಹರಿಯುವಷ್ಟು ದೂರ ಕೆಂಪು ಹೆಂಚಿನ ಮಾಡುಗಳು. ಆ ಕೆಂಪಿನ ನಡುವೆ ಎದ್ದು ನಿಂತ ಒಂದು ಬೃಹತ್ ಗುಮ್ಮಟ. ಇದೇ ಫ್ಲಾರೆನ್ಸ್. ಇಟಲಿಯವರ ಬಾಯಲ್ಲಿ ಇದು ಫಿರೆಂಜೆ.

ಗುಡ್ಡದ ಮೇಲಿನ ಈ ಚೌಕಕ್ಕೆ ಮೈಕೆಲಾಂಜೆಲೋನ ಹೆಸರಿದೆ. 1865ರಿಂದ 1871ರವರೆಗೆ ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿತ್ತು. ಆ ಕಾಲದಲ್ಲಿ ಜುಸೆಪ್ಪೆ ಪೋಜ್ಜಿ ಎಂಬ ವಾಸ್ತುಶಿಲ್ಪಿ ಊರನ್ನು ವಿಸ್ತರಿಸುವಾಗ ಈ ಚೌಕವನ್ನು ರೂಪಿಸಿದನು. ನಡುವೆ ನಿಂತಿರುವ ಡೇವಿಡ್ ವಿಗ್ರಹ ಕಂಚಿನ ಪ್ರತಿಕೃತಿ. ಪ್ರವಾಸಿಗಳು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವಷ್ಟರಲ್ಲಿ ಮಾರ್ಗದರ್ಶಿನಿ ತನ್ನ ಬಣ್ಣದ ಕೊಡೆಯನ್ನು ಎತ್ತಿ ಹಿಡಿಯುತ್ತಾಳೆ. ಕಿವಿಗೆ ಸಿಕ್ಕಿಸಿಕೊಂಡ ಪುಟ್ಟ ಯಂತ್ರದಲ್ಲಿ ಅವಳ ಧ್ವನಿ ಕೇಳಿಬರುತ್ತದೆ: ಸಂಜೆ ಆರು ಗಂಟೆಗೆ ಎಲ್ಲರೂ ಬಸ್ಸಿನ ಬಳಿ ಇರತಕ್ಕದ್ದು.

ಅಂದರೆ ಇರುವ ಅವಧಿ ಎಂಟು ಗಂಟೆಗೂ ಕಡಿಮೆ. ನೋಡಬೇಕಾದ ಊರಾದರೋ, ದಾಂತೆ, ಜಾಟ್ಟೋ, ಬ್ರುನೆಲೆಸ್ಕಿ, ಬಾಟಿಚೆಲ್ಲಿ, ಮೈಕೆಲಾಂಜೆಲೋ, ಗೆಲಿಲಿಯೋ ಇವರೆಲ್ಲ ಬಾಳಿ ಕೆಲಸ ಮಾಡಿದ ಊರು. ಒಂದು ಹಗಲಿನಲ್ಲಿ ಇದನ್ನು ನೋಡಿ ಮುಗಿಸಲು ಸಾಧ್ಯವೇ? ಖಂಡಿತ ಸಾಧ್ಯವಿಲ್ಲ. ಆದರೆ ಆ ಒಂದು ಹಗಲನ್ನು ಕಣ್ತೆರೆದು ಕಳೆದವನಿಗೆ ಒಂದು ವಿಷಯ ಮನದಟ್ಟಾಗದೆ ಇರದು. ಈ ಸೌಂದರ್ಯವನ್ನು ಸೃಷ್ಟಿಸಿದವರ ಹೆಸರು ಲೋಕಕ್ಕೆ ಗೊತ್ತು. ಅದನ್ನು ನೀರಿನಿಂದ, ಬೆಂಕಿಯಿಂದ, ಯುದ್ಧದಿಂದ ಕಾಪಾಡಿ ಇಂದಿನವರ ಕಣ್ಣಿಗೆ ಒಪ್ಪಿಸಿದವರ ಹೆಸರು ಅಷ್ಟಾಗಿ ಗೊತ್ತಿಲ್ಲ. ಫ್ಲಾರೆನ್ಸಿನ ಕಥೆಯಲ್ಲಿ ಅರ್ಧ ಪಾಲು ಈ ಎರಡನೆಯವರದು.

ಗೋಡೆಯ ಮೇಲಿನ ನೀರಿನ ಗುರುತು

ದೊಡ್ಡ ಬಸ್ಸುಗಳಿಗೆ ಹಳೆಯ ಪಟ್ಟಣದೊಳಗೆ ಪ್ರವೇಶವಿಲ್ಲ. ನದಿಯ ದಂಡೆಯಲ್ಲಿ ಗೊತ್ತುಪಡಿಸಿದ ಸ್ಥಳದಲ್ಲಿ ಪ್ರಯಾಣಿಕರನ್ನು ಇಳಿಸಿ ಅವು ಹೊರಟುಹೋಗುತ್ತವೆ. ಅಲ್ಲಿಂದ ಮುಂದೆ ಕಾಲ್ನಡಿಗೆಯೇ ಗತಿ. ಹಾಸುಗಲ್ಲಿನ ಬೀದಿಗಳಲ್ಲಿ ನಡೆದು ತಂಡವು ಮೊದಲು ಸೇರುವುದು ಸಾಂತಾ ಕ್ರೋಚೆ, ಅಂದರೆ ಪವಿತ್ರ ಶಿಲುಬೆಯ ಇಗರ್ಜಿಯನ್ನು.

ಒಳಗೆ ಹೆಜ್ಜೆಯಿಟ್ಟರೆ ಇಟಲಿಯ ಮಹಾಪುರುಷರ ಸಭೆಗೆ ಬಂದಂತಾಗುತ್ತದೆ. ಮೈಕೆಲಾಂಜೆಲೋ, ಮಾಕಿಯವೆಲ್ಲಿ, ಗೆಲಿಲಿಯೋ ಮೂವರ ಸಮಾಧಿಗಳೂ ಇಲ್ಲಿವೆ. ಧರ್ಮಾಧಿಕಾರಿಗಳ ಕೋಪಕ್ಕೆ ಗುರಿಯಾದ ಗೆಲಿಲಿಯೋ 1642ರಲ್ಲಿ ತೀರಿಕೊಂಡಾಗ ಅವನಿಗೆ ದೊರೆತದ್ದು ಒಂದು ಮೂಲೆಯ ಕೋಣೆಯಲ್ಲಿ ಅಷ್ಟು ಜಾಗ. ಗೌರವದ ಸಮಾಧಿ ದೊರೆಯಲು 95 ವರ್ಷ ಕಾಯಬೇಕಾಯಿತು. ದಾಂತೆಯದೊಂದು ಭವ್ಯ ಸ್ಮಾರಕವೂ ಉಂಟು. ಆದರೆ ಅದರೊಳಗೆ ಯಾರೂ ಇಲ್ಲ. ಊರಿನಿಂದ ಗಡೀಪಾರಾದ ಆ ಕವಿ 1321ರಲ್ಲಿ ರವೆನ್ನಾದಲ್ಲಿ ಕಣ್ಣು ಮುಚ್ಚಿದನು. ಫ್ಲಾರೆನ್ಸ್ ಎಷ್ಟು ಬೇಡಿದರೂ ರವೆನ್ನಾ ಅವನ ಅಸ್ಥಿಗಳನ್ನು ಬಿಟ್ಟುಕೊಡಲಿಲ್ಲ. ಆ ಸಮಾಧಿಯ ದೀಪಕ್ಕೆ ಪ್ರತಿ ವರ್ಷವೂ ಫ್ಲಾರೆನ್ಸಿನಿಂದ ಎಣ್ಣೆ ಹೋಗುತ್ತದೆ.

ಈ ಇಗರ್ಜಿಯಲ್ಲಿ ಮಾರ್ಗದರ್ಶಿನಿಯರ ದನಿ ತಗ್ಗುವುದು ಇನ್ನೊಂದು ಕಾರಣಕ್ಕೆ. 1966ರ ನವೆಂಬರ್ 4ರ ಮುಂಜಾನೆ, ಎಡೆಬಿಡದೆ ಸುರಿದ ಮಳೆಯಿಂದ ಉಕ್ಕಿದ ಆರ್ನೋ ನದಿ ದಂಡೆ ಮೀರಿ ಊರೊಳಗೆ ನುಗ್ಗಿತು. ತಗ್ಗಿನಲ್ಲಿರುವ ಈ ಕೇರಿಯ ಕೆಲವೆಡೆ ನೀರು 6 ಮೀಟರಿಗೂ ಮೇಲೆ ಏರಿತು. ಚಳಿಗಾಲಕ್ಕೆಂದು ಮನೆಮನೆಯ ನೆಲಮಾಳಿಗೆಯಲ್ಲಿ ಉರುವಲೆಣ್ಣೆಯನ್ನು ತುಂಬಿಟ್ಟಿದ್ದರು. ಆ ಎಣ್ಣೆ ಕೆಸರಿನೊಡನೆ ಬೆರೆತು ಮುಟ್ಟಿದ್ದನ್ನೆಲ್ಲ ಕರಿದಾಗಿಸಿತು. ನಗರ ಮತ್ತು ಸುತ್ತಲಿನ ಪ್ರಾಂತದಲ್ಲಿ 35 ಜನ ಸತ್ತರು. ಚಿಮಾಬೂಯೆ ಏಳು ಶತಮಾನಗಳ ಹಿಂದೆ ಚಿತ್ರಿಸಿದ ದೊಡ್ಡ ಶಿಲುಬೆಯ ಬಣ್ಣದಲ್ಲಿ ಅರ್ಧಕ್ಕೂ ಹೆಚ್ಚು ಕಳಚಿ ನೀರುಪಾಲಾಯಿತು. ಪಕ್ಕದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಹತ್ತು ಲಕ್ಷದಷ್ಟು ಪುಸ್ತಕಗಳು ಕೆಸರಿನಲ್ಲಿ ಹೂತುಹೋದವು.

ಆಮೇಲೆ ನಡೆದದ್ದನ್ನು ಈ ಊರು ಇಂದಿಗೂ ಮರೆತಿಲ್ಲ. ಕರೆಯದೆಯೇ ನಾನಾ ದೇಶಗಳಿಂದ ತರುಣ ತರುಣಿಯರು ರೈಲು ಹತ್ತಿ ಬಂದರು. ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸುತ್ತ, ನೆಲಮಾಳಿಗೆಯಿಂದ ಒಂದೊಂದೇ ಪುಸ್ತಕವನ್ನು ಮೇಲಕ್ಕೆ ತಂದರು; ಕೆಸರನ್ನು ಒರೆಸಿ ಹಾಳೆಗಳನ್ನು ಒಣಗಿಸಿದರು. ಅವರಿಗೆ ಊರವರು ಇಟ್ಟ ಹೆಸರು ‘ಕೆಸರಿನ ದೇವದೂತರು’.

ಸಾಂತಾ ಕ್ರೋಚೆಯಲ್ಲಿಯೇ ವಸಾರಿ ಎಂಬ ಚಿತ್ರಕಾರನು 1546ರಲ್ಲಿ ರಚಿಸಿದ ‘ಕಡೆಯ ಭೋಜನ’ವೂ ನೀರಿನಲ್ಲಿ ಮುಳುಗಿತ್ತು. ಐದು ಮರದ ಹಲಗೆಗಳ ಮೇಲಿನ ಈ ಚಿತ್ರ ನೀರು ಕುಡಿದು ಉಬ್ಬಿ, ಬಿರಿದು, ಬಣ್ಣ ಉದುರುವ ಸ್ಥಿತಿಗೆ ಬಂದಿತ್ತು. ಇದನ್ನು ಸರಿಪಡಿಸುವ ವಿದ್ಯೆಯೇ ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದ ಕೆಲಸಕ್ಕೆ ಕೈ ಹಾಕಿ ಕೆಡಿಸುವ ಬದಲು ಚಿತ್ರವನ್ನು ಕಾದಿಟ್ಟರು. ದಶಕಗಳು ಕಳೆದವು, ವಿದ್ಯೆ ಬೆಳೆಯಿತು. ಪ್ರವಾಹಕ್ಕೆ ಸರಿಯಾಗಿ 50 ವರ್ಷ ತುಂಬಿದ 2016ರಲ್ಲಿ ಅದು ತನ್ನ ಮನೆಗೆ ಮರಳಿತು. ಇನ್ನೊಮ್ಮೆ ನೀರು ಬಂದರೆ ಚಿತ್ರವನ್ನು ಮೇಲಕ್ಕೆತ್ತುವ ಯಂತ್ರವನ್ನೂ ಜೊತೆಗೆ ಅಳವಡಿಸಿದ್ದಾರೆ.

ಇಲ್ಲಿಂದ ಮುಂದಿನ ಚೌಕಕ್ಕೆ ಹೋಗುವ ದಾರಿಯಲ್ಲಿ ಒಂದು ಗಲ್ಲಿಯ ಮೂಲೆಯಿದೆ. ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಎರಡು ಫಲಕಗಳು ಕಾಣುತ್ತವೆ. ಒಂದು 1966ರಲ್ಲಿ ನೀರು ಏರಿದ ಮಟ್ಟವನ್ನು ತೋರಿಸುತ್ತದೆ. ಅದಕ್ಕಿಂತ ಕೆಳಗಿನ ಇನ್ನೊಂದರಲ್ಲಿ ಅಲೆಗಳ ಕಡೆಗೆ ಬೆರಳು ತೋರುವ ಒಂದು ಕೈಯನ್ನು ಕೆತ್ತಿದ್ದಾರೆ. ಅದು 1333ರ ಪ್ರವಾಹದ ಗುರುತು. ಆ ವರ್ಷವೂ ನದಿ ಉಕ್ಕಿದ್ದು ನವೆಂಬರ್ 4ರಂದೇ.

ಕೈ ಮುರಿದ ವೀರ

ಗಲ್ಲಿಯ ನೆರಳಿನಿಂದ ಒಮ್ಮೆಲೇ ಬಯಲಿಗೆ ಬಂದಾಗ ಎದುರಾಗುವುದು ಸಿನ್ಯೋರಿಯಾ ಚೌಕ. ಕೋಟೆಯಂತೆ ಗಡುಸಾದ ಪಲಾತ್ಸೋ ವೆಕಿಯೋ, ಅಂದರೆ ಹಳೆಯ ಅರಮನೆ, ಏಳು ಶತಮಾನಗಳಿಂದಲೂ ಊರಿನ ಆಡಳಿತದ ಮನೆ. ಇಂದಿಗೂ ನಗರಸಭೆಯ ಅಧ್ಯಕ್ಷರ ಕಚೇರಿ ಅಲ್ಲಿಯೇ ಇದೆ. ಚೌಕದ ನೆಲದಲ್ಲಿ ಒಂದು ದುಂಡು ಕಲ್ಲನ್ನು ಹುಗಿದಿದ್ದಾರೆ. ಭೋಗದ ವಸ್ತುಗಳನ್ನೆಲ್ಲ ತಂದು ಸುಡಿರೆಂದು ಜನರಿಗೆ ಬೋಧಿಸಿ, 1497ರಲ್ಲಿ ಇದೇ ಚೌಕದಲ್ಲಿ ದೊಡ್ಡ ಬೆಂಕಿ ಹಾಕಿಸಿದ ಸನ್ಯಾಸಿ ಸವನರೋಲಾನನ್ನು, ಮರುವರ್ಷ ಮೇ 23ರಂದು ಅದೇ ಜನರ ಮುಂದೆ ಸುಟ್ಟ ಸ್ಥಳವದು. ಪ್ರವಾಸಿಗಳಲ್ಲಿ ಹೆಚ್ಚಿನವರು ತಿಳಿಯದೆ ಅದನ್ನು ತುಳಿದುಕೊಂಡೇ ಹೋಗುತ್ತಾರೆ.

ಅರಮನೆಯ ಬಾಗಿಲಿನ ಬಳಿ ನಿಂತ ಅಮೃತಶಿಲೆಯ ಡೇವಿಡ್ ಸಹ 1910ರಲ್ಲಿ ನಿಲ್ಲಿಸಿದ ಪ್ರತಿಕೃತಿ. ಮೂಲ ವಿಗ್ರಹ ಅಕಾಡೆಮಿಯಾ ಎಂಬ ಕಲಾಶಾಲೆಯಲ್ಲಿದೆ. ಅದರ ಕಥೆಯನ್ನು ಮಾತ್ರ ಇಲ್ಲಿಯೇ ಹೇಳುವುದು ವಾಡಿಕೆ. ಮೊದಲು ಇನ್ನೊಬ್ಬ ಶಿಲ್ಪಿಯು ಉಳಿಯಿಟ್ಟು ಅರ್ಧಕ್ಕೆ ಬಿಟ್ಟಿದ್ದ ಶಿಲೆಯೊಂದು ದೇವಾಲಯದ ಅಂಗಳದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಮಳೆ ಬಿಸಿಲಿಗೆ ಬಿದ್ದಿತ್ತು. 1501ರಲ್ಲಿ 26 ವರ್ಷದ ಮೈಕೆಲಾಂಜೆಲೋ ಅದಕ್ಕೆ ಉಳಿ ಹಚ್ಚಿದನು. ಮೂರು ವರ್ಷ ಕಳೆಯುವುದರೊಳಗೆ 5 ಮೀಟರಿಗೂ ಎತ್ತರದ ವಿಗ್ರಹ ಸಿದ್ಧವಾಯಿತು. ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸಲು ಕೂಡಿದ ಸಭೆಯಲ್ಲಿ ಲಿಯೊನಾರ್ಡೋ ಮತ್ತು ಬಾಟಿಚೆಲ್ಲಿ ಇಬ್ಬರೂ ಇದ್ದರು. ಕಾರ್ಯಾಗಾರದಿಂದ ಇಲ್ಲಿಗೆ ದೂರ ಅರ್ಧ ಮೈಲಿಯೂ ಇಲ್ಲ. ಸಾಗಿಸಲು ನಾಲ್ಕು ದಿನ ಬೇಕಾಯಿತು.

1527ರ ದಂಗೆಯಲ್ಲಿ ಅರಮನೆಯ ಮೇಲಿಂದ ಎಸೆದ ಬೆಂಚೊಂದು ಬಿದ್ದು ವಿಗ್ರಹದ ಎಡಗೈ ಮುರಿಯಿತು. ತುಂಡುಗಳು ಚೌಕದಲ್ಲಿಯೇ ಬಿದ್ದಿದ್ದವು. ಇಬ್ಬರು ಹುಡುಗರು ಕಾವಲುಗಾರರ ನಡುವೆ ನುಸುಳಿ ಅವುಗಳನ್ನು ಆಯ್ದು ಮನೆಯಲ್ಲಿ ಬಚ್ಚಿಟ್ಟರು. ಮುಂದೆ ಆ ತುಂಡುಗಳಿಂದಲೇ ಕೈಯನ್ನು ಮತ್ತೆ ಜೋಡಿಸಲಾಯಿತು. ಆ ಹುಡುಗರಲ್ಲೊಬ್ಬನೇ ಮುಂದೆ ‘ಕಡೆಯ ಭೋಜನ’ವನ್ನು ಚಿತ್ರಿಸಿದ ವಸಾರಿ. ಇನ್ನೊಬ್ಬರ ಕಲೆಯನ್ನು ಬಾಲ್ಯದಲ್ಲಿ ಅವನು ಉಳಿಸಿದನು. ಅವನ ಕಲೆಯನ್ನು ನಾಲ್ಕು ಶತಮಾನಗಳ ಮೇಲೆ ಇತರರು ಉಳಿಸಿದರು.

ಕಡೆಯ ಮೆಡಿಚಿಯ ಷರತ್ತು

ಚೌಕಕ್ಕೆ ಹೊಂದಿಕೊಂಡು ನದಿಯವರೆಗೆ ಚಾಚಿರುವ ಉದ್ದನೆಯ ಕಟ್ಟಡವೂ ವಸಾರಿಯದೇ ಯೋಜನೆ. ಮೆಡಿಚಿ ಮನೆತನದ ದೊರೆ ಮೊದಲನೆಯ ಕೋಸಿಮೋ ತನ್ನ ಸರ್ಕಾರದ ಕಚೇರಿಗಳಿಗಾಗಿ 1560ರಲ್ಲಿ ಇದನ್ನು ಆರಂಭಿಸಿದನು. ಉಫಿತ್ಸಿ ಎಂದರೆ ‘ಕಚೇರಿಗಳು’ ಎಂದೇ ಅರ್ಥ. ಗುಮಾಸ್ತರ ಮನೆಯಾಗಬೇಕಿದ್ದ ಕಟ್ಟಡ ಇಂದು ಜಗತ್ತಿನ ಹೆಸರಾಂತ ಚಿತ್ರಶಾಲೆಗಳಲ್ಲೊಂದು. ಮುಂಗಡವಾಗಿ ಚೀಟಿ ಕೊಂಡವರಿಗೆ ಗೊತ್ತಾದ ವೇಳೆಗೆ ಪ್ರವೇಶ ದೊರೆಯುತ್ತದೆ. ಉಳಿದವರು ಸಾಲಿನಲ್ಲಿ ನಿಂತು ದಿನವನ್ನು ಸವೆಸಬೇಕಾಗುತ್ತದೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ ಎಂಬುದನ್ನು ಪ್ರವಾಸ ಹೊರಡುವವರು ಮರೆಯಬಾರದು.

ಬಾಟಿಚೆಲ್ಲಿಯ ಕೋಣೆಯಲ್ಲಿ ಜನಸಂದಣಿ ಹೆಚ್ಚು. ಚಿಪ್ಪಿನ ಮೇಲೆ ನಿಂತು ದಡಕ್ಕೆ ತೇಲಿಬರುವ ವೀನಸ್ ದೇವತೆ ಒಂದು ಕಡೆ. ಹೂ ಚೆಲ್ಲುತ್ತ ಬರುವ ‘ವಸಂತ’ ಇನ್ನೊಂದು ಕಡೆ. ಈ ‘ವಸಂತ’ದ ಮುಂದೆ ಕನ್ನಡನಾಡಿನಿಂದ ಬಂದವರು ಒಂದು ಕ್ಷಣ ಹೆಚ್ಚು ನಿಲ್ಲಲು ಕಾರಣವಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯದಿಂದ ಉಫಿತ್ಸಿಯ ಚಿತ್ರಗಳನ್ನು ಹಳ್ಳಿಗಾಡಿನ ಕೋಟೆಮನೆಗಳಲ್ಲಿ ಬಚ್ಚಿಟ್ಟಿದ್ದರು. 1944ರ ಬೇಸಗೆಯಲ್ಲಿ ಯುದ್ಧ ಆ ಹಳ್ಳಿಗಳಿಗೇ ಬಂದಿತು. ಮೊಂತೆಗುಫೋನಿ ಎಂಬ ಕೋಟೆಮನೆಯನ್ನು ತಲುಪಿದ 8ನೆಯ ಭಾರತೀಯ ಡಿವಿಷನ್ನಿನ ಮರಾಠಾ ಲಘು ಪದಾತಿದಳದ ಸೈನಿಕರಿಗೆ ಅಲ್ಲಿ ಗೋಡೆಗೆ ಒರಗಿಸಿಟ್ಟ ಚಿತ್ರಗಳ ರಾಶಿಯೇ ಕಂಡಿತು. ‘ವಸಂತ’ವೂ ಅದರಲ್ಲಿತ್ತು. ಗುಂಡಿನ ಸದ್ದು ಕೇಳುತ್ತಿದ್ದ ಆ ದಿನಗಳಲ್ಲಿ ಚಿತ್ರಗಳಿಗೆ ಕಾವಲು ನಿಂತವರು ಆ ಜವಾನರು. ಅವರ ದಳದ ತರಬೇತಿ ಕೇಂದ್ರ ಇರುವುದು ಬೆಳಗಾವಿಯಲ್ಲಿ.

ಈ ಸಂಪತ್ತೆಲ್ಲ ಊರಿನಲ್ಲಿಯೇ ಉಳಿಯುವಂತೆ ಮಾಡಿದವಳು ಒಬ್ಬ ವಿಧವೆ. ಮೂರು ಶತಮಾನ ಫ್ಲಾರೆನ್ಸನ್ನು ಆಳಿದ ಮೆಡಿಚಿ ಮನೆತನದಲ್ಲಿ 1737ರ ಹೊತ್ತಿಗೆ ಗಂಡುಸಂತತಿ ನಿಂತುಹೋಯಿತು. ಉಳಿದವಳು ಮಕ್ಕಳಿಲ್ಲದ ಆನ್ನಾ ಮರಿಯಾ ಲೂಯಿಸಾ. ರಾಜ್ಯವು ಪರದೇಶದ ಲೊರೇನ್ ಮನೆತನಕ್ಕೆ ಸೇರುವುದು ನಿಶ್ಚಯವಾಗಿತ್ತು. ಅದನ್ನು ತಡೆಯುವ ಶಕ್ತಿ ಅವಳಿಗಿರಲಿಲ್ಲ. ಹಿರಿಯರು ಕೂಡಿಟ್ಟ ಚಿತ್ರ, ಶಿಲ್ಪ, ಗ್ರಂಥ, ರತ್ನಗಳು ಮಾತ್ರ ಅವಳ ಸ್ವತ್ತು. ಅವನ್ನು ಹೊಸ ದೊರೆಗೆ ಒಪ್ಪಿಸುವಾಗ ಅವಳು ಒಂದು ಷರತ್ತನ್ನು ಬರೆಸಿಕೊಂಡಳು. ಇವು ರಾಜ್ಯದ ಅಲಂಕಾರಕ್ಕೆ, ಪ್ರಜೆಗಳ ಉಪಯೋಗಕ್ಕೆ ಮತ್ತು ಪರದೇಶೀಯರ ಕುತೂಹಲವನ್ನು ಸೆಳೆಯುವುದಕ್ಕೆ ಇರತಕ್ಕವು. ಇವುಗಳಲ್ಲಿ ಯಾವುದನ್ನೂ ಫ್ಲಾರೆನ್ಸಿನಿಂದ ಹೊರಗೆ ಒಯ್ಯಕೂಡದು ಎಂಬುದು ಅದರ ತಾತ್ಪರ್ಯ.

ಯೂರೋಪಿನ ಎಷ್ಟೋ ರಾಜಮನೆತನಗಳ ಸಂಗ್ರಹಗಳು ಹರಾಜಾಗಿ, ಲೂಟಿಯಾಗಿ ದಿಕ್ಕುದಿಕ್ಕಿಗೆ ಚೆದರಿಹೋದವು. ಫ್ಲಾರೆನ್ಸಿನದು ಉಳಿಯಿತು. 1769ರಲ್ಲಿ ಉಫಿತ್ಸಿಯ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಇಂದು ಬಸ್ಸಿನಿಂದಿಳಿದು ಸಾಲಿನಲ್ಲಿ ನಿಲ್ಲುವ ಪ್ರತಿಯೊಬ್ಬ ಪರದೇಶೀಯನೂ ಆ ಒಂದು ಷರತ್ತಿನ ಫಲಾನುಭವಿ. ಅವಳು ತೀರಿಕೊಂಡದ್ದು 1743ರ ಫೆಬ್ರವರಿ 18ರಂದು. ಪ್ರತಿ ವರ್ಷ ಆ ದಿನ ನಗರಸಭೆಯ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಉಚಿತ.

ಉಫಿತ್ಸಿಯ ಹಿಂಬದಿಯ ಗಲ್ಲಿಯಲ್ಲಿ ಒಂದು ಆಲಿವ್ ಗಿಡವಿದೆ. 1993ರ ಮೇ 27ರ ನಡುರಾತ್ರಿ ದಾಟಿದ ಮೇಲೆ ಅಲ್ಲಿ ಅಪರಾಧಿಗಳ ಗುಂಪಾದ ಮಾಫಿಯಾದವರು ಕಾರಿನಲ್ಲಿಟ್ಟಿದ್ದ ಬಾಂಬು ಸಿಡಿಯಿತು. ಐವರು ಸತ್ತರು, ಅವರಲ್ಲೊಂದು ಎರಡು ತಿಂಗಳೂ ತುಂಬದ ಹಸುಳೆ. ಮೂರು ಚಿತ್ರಗಳು ಪೂರ್ಣ ನಾಶವಾದವು. ಇನ್ನೂ ಅನೇಕ ಚಿತ್ರಗಳು ಹಾನಿಗೊಂಡವು. ಚಿತ್ರಶಾಲೆಯ ಸಿಬ್ಬಂದಿ ಹಗಲಿರುಳು ದುಡಿದು, ಒಂದು ತಿಂಗಳು ಕಳೆಯುವುದರೊಳಗೆ ಒಂದು ಭಾಗವನ್ನು ಜನರಿಗೆ ಮತ್ತೆ ತೆರೆದರು.

ಮಧ್ಯಾಹ್ನದ ಊಟ

ಇಷ್ಟು ಹೊತ್ತಿಗೆ ಕಾಲುಗಳು ಸೋತು ಹೊಟ್ಟೆ ಮಾತನಾಡತೊಡಗುತ್ತದೆ. ಮಾಂಸಾಹಾರದ ಭಕ್ಷ್ಯಗಳಿಗೆ ಈ ಊರು ಪ್ರಸಿದ್ಧ. ಆದರೂ ಶಾಕಾಹಾರಿಗಳು ಉಪವಾಸ ಬೀಳಬೇಕಾಗಿಲ್ಲ. ‘ರಿಬೊಲ್ಲೀತಾ’ ಎಂಬುದು ಇಲ್ಲಿನ ಬಡವರ ಅಡಿಗೆ. ಹಿಂದಿನ ದಿನದ ಒಣ ರೊಟ್ಟಿ, ಬಿಳಿಯ ಬೀನ್ಸ್ ಕಾಳು, ಕಪ್ಪು ಎಲೆಯ ಕೋಸು ಇವನ್ನೆಲ್ಲ ಕೂಡಿಸಿ ಬೇಯಿಸಿ, ಮರುದಿನ ಮತ್ತೆ ಕುದಿಸಿ ಬಡಿಸುತ್ತಾರೆ. ‘ಮರಳಿ ಕುದಿಸಿದ್ದು’ ಎಂಬುದೇ ಆ ಹೆಸರಿನ ಅರ್ಥ. ರಾತ್ರಿ ಮಿಕ್ಕ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುವ ಗೃಹಿಣಿಗೆ ಈ ಜಾಣ್ಮೆಯನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮೇಲೊಂದು ಧಾರೆ ಆಲಿವ್ ಎಣ್ಣೆ ಬಿದ್ದರೆ ರುಚಿ ಕಟ್ಟಿದಂತೆಯೇ. ಜೊತೆಗೆ ಬರುವ ರೊಟ್ಟಿಗೆ ಮಾತ್ರ ಉಪ್ಪು ಹಾಕುವುದಿಲ್ಲ. ಅದು ಅಡಿಗೆಯವನ ಮರೆವಲ್ಲ. ಟಸ್ಕನಿ ಪ್ರಾಂತದ ಪದ್ಧತಿ.

ಇಟ್ಟಿಗೆಯಲ್ಲಿ ಕಟ್ಟಿದ ಆಕಾಶ

ಊಟದ ಅನಂತರ ತಂಡವು ಮಹಾದೇವಾಲಯದ ಚೌಕಕ್ಕೆ ಬರುತ್ತದೆ. ಬಿಳಿ, ಹಸಿರು, ನಸುಗೆಂಪು ಅಮೃತಶಿಲೆಯ ಹೊದಿಕೆಯ ಸಾಂತಾ ಮರಿಯಾ ದೆಲ್ ಫಿಯೋರೆ ದೇವಾಲಯಕ್ಕೆ 1296ರಲ್ಲಿ ಅಸ್ತಿಭಾರ ಹಾಕಿದರು. ಖರ್ಚಿನ ಮತ್ತು ಕಟ್ಟಡದ ಹೊಣೆಯನ್ನು ಮುಂದೆ ಉಣ್ಣೆ ವರ್ತಕರ ಸಂಘ ವಹಿಸಿಕೊಂಡಿತು. ನೂರು ವರ್ಷ ಕಳೆಯುವ ಹೊತ್ತಿಗೆ ಗೋಡೆಗಳೆದ್ದಿದ್ದವು. ನಡುವೆ ಸುಮಾರು 45 ಮೀಟರು ಅಗಲದ ಎಂಟು ಮೂಲೆಯ ಬಾಯಿ ತೆರೆದೇ ಇತ್ತು. ಅಷ್ಟು ಅಗಲಕ್ಕೆ ಗುಮ್ಮಟ ಕಟ್ಟುವುದು ಹೇಗೆಂದು ಯಾರಿಗೂ ತಿಳಿಯದು. ಕೆಳಗಿನಿಂದ ಮರದ ಆಸರೆ ಕೊಡೋಣವೆಂದರೆ, ಅಷ್ಟು ಮರವನ್ನು ಎಲ್ಲಿಂದ ತರಬೇಕು?

1418ರಲ್ಲಿ ಸ್ಪರ್ಧೆ ಸಾರಿದಾಗ ಮುಂದೆ ಬಂದವನು ಅಕ್ಕಸಾಲೆಯ ಕಸುಬು ಕಲಿತಿದ್ದ ಫಿಲಿಪ್ಪೋ ಬ್ರುನೆಲೆಸ್ಕಿ. ತನ್ನ ಉಪಾಯವನ್ನು ಬಿಟ್ಟುಕೊಡಲು ಒಪ್ಪದೆ, ಅಮೃತಶಿಲೆಯ ಮೇಲೆ ಒಂದು ಮೊಟ್ಟೆಯನ್ನು ನಿಲ್ಲಿಸಿ ತೋರಿಸಿರೆಂದು ಅವನು ಪ್ರತಿಸ್ಪರ್ಧಿಗಳಿಗೆ ಸವಾಲು ಹಾಕಿದನಂತೆ. ಯಾರಿಂದಲೂ ಆಗದಿರಲು ತಾನೇ ಮೊಟ್ಟೆಯ ಬುಡವನ್ನು ಮೆಲ್ಲನೆ ಕುಟ್ಟಿ ನಿಲ್ಲಿಸಿದನು. ಇದು ನಮಗೂ ಬರುತ್ತಿತ್ತೆಂದು ಎಲ್ಲರೂ ಗೊಣಗಿದಾಗ, ನನ್ನ ನಕ್ಷೆಯನ್ನು ನೋಡಿದ್ದರೆ ಗುಮ್ಮಟ ಕಟ್ಟುವುದೂ ನಿಮಗೆ ಬರುತ್ತಿತ್ತು ಎಂದನಂತೆ. ಕಲಾಕಾರರ ಜೀವನಚರಿತ್ರೆಗಳನ್ನು ಬರೆದ ಅದೇ ವಸಾರಿ ಹೇಳುವ ಕಥೆಯಿದು.

1420ರಲ್ಲಿ ಕೆಲಸ ಆರಂಭವಾಗಿ 1436ರಲ್ಲಿ ಗುಮ್ಮಟ ಮುಗಿಯಿತು. ನೆಲದಿಂದ ಎದ್ದ ಆಸರೆಯೇ ಇಲ್ಲ. ಒಂದರೊಳಗೊಂದು ಎರಡು ಗುಮ್ಮಟಗಳು; ನಡುವೆ ಮೆಟ್ಟಿಲು. ಹಸಿ ಗಾರೆಯಲ್ಲಿಟ್ಟ ಇಟ್ಟಿಗೆ ಒಳಕ್ಕೆ ಜಾರಬಾರದೆಂದು ಸಾಲಿನ ನಡುನಡುವೆ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿ, ಮೀನಿನ ಮುಳ್ಳಿನಂತೆ ಒಂದಕ್ಕೊಂದು ಕಚ್ಚಿಸಿ ಕಟ್ಟಿದ್ದಾರೆ. ಹೀಗೆ ಪ್ರತಿಯೊಂದು ಸುತ್ತೂ ತನ್ನ ಭಾರವನ್ನು ತಾನೇ ಹೊರುತ್ತ ಮೇಲೇರಿತು. ಬಳಸಿದ ಇಟ್ಟಿಗೆಗಳು 40 ಲಕ್ಷಕ್ಕೂ ಹೆಚ್ಚು. ಐದು ಶತಮಾನಗಳು ಕಳೆದರೂ ಇಟ್ಟಿಗೆ ಗಾರೆಯ ಗುಮ್ಮಟಗಳಲ್ಲಿ ಇದನ್ನು ಮೀರಿಸಿದ್ದಿಲ್ಲ. ಮೊದಲೇ ಚೀಟಿ ಪಡೆದು, 463 ಮೆಟ್ಟಿಲುಗಳನ್ನು ಹತ್ತುವ ಮನಸ್ಸು ಮಾಡಿದವರು ಆ ಇಟ್ಟಿಗೆಗಳ ಪಕ್ಕದಲ್ಲಿಯೇ ನಡೆದುಹೋಗಬಹುದು. ಬ್ರುನೆಲೆಸ್ಕಿಯ ಸಮಾಧಿ ಇದೇ ದೇವಾಲಯದ ನೆಲದಡಿಯಲ್ಲಿದೆ. ಮರೆತುಹೋಗಿದ್ದ ಅದು 1972ರಲ್ಲಿ ಬೆಳಕಿಗೆ ಬಂದಿತು.

ಎದುರಿಗೆ ಎಂಟು ಮೂಲೆಯ ದೀಕ್ಷಾಗೃಹವಿದೆ. ಅದರ ಪೂರ್ವದ ಕಂಚಿನ ಬಾಗಿಲುಗಳನ್ನು ಗಿಬರ್ಟಿ 1425ರಿಂದ 1452ರವರೆಗೆ, ಅಂದರೆ 27 ವರ್ಷ ದುಡಿದು ಮುಗಿಸಿದನು. ಸ್ವರ್ಗದ ಬಾಗಿಲಿಗೆ ಇವು ತಕ್ಕವೆಂದು ಮೈಕೆಲಾಂಜೆಲೋ ಹೊಗಳಿದನೆಂಬ ಮಾತಿದೆ. 1966ರ ನೀರು ಈ ಬಾಗಿಲುಗಳ ಹಲವು ಫಲಕಗಳನ್ನು ಕಿತ್ತೊಗೆಯಿತು. ಅವನ್ನು ಕೆಸರಿನಿಂದ ಹೆಕ್ಕಿ ತೆಗೆದರು. ಬಾಗಿಲುಗಳನ್ನು ಪೂರ್ಣವಾಗಿ ಶುದ್ಧಪಡಿಸಿ 2012ರಲ್ಲಿ ದೇವಾಲಯದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಹಿಂದೆ ನಿಲ್ಲಿಸಿದರು. ಆ ದುರಸ್ತಿಗೆ ಹಿಡಿದ ಕಾಲವೂ 27 ವರ್ಷ! ಹೊರಗೆ ಜನರು ಮುತ್ತಿಕೊಂಡು ನೋಡುವುದು ಪ್ರತಿಕೃತಿಯನ್ನು.

ಈ ಬಾಗಿಲುಗಳನ್ನೂ ವಸಾರಿಯ ಚಿತ್ರವನ್ನೂ ಬದುಕಿಸಿದ ಸಂಸ್ಥೆ ಒಂದೇ. 1588ರಲ್ಲಿ ಮೆಡಿಚಿ ದೊರೆ ಮೊದಲನೆಯ ಫೆರ್ಡಿನಾಂಡೋ ಬಣ್ಣದ ಕಲ್ಲುಗಳ ಕೆತ್ತನೆಗಾಗಿ ಸ್ಥಾಪಿಸಿದ ಈ ಕಾರ್ಯಾಗಾರ ಈಗ ಕಲಾಕೃತಿಗಳ ಆಸ್ಪತ್ರೆಯಾಗಿದೆ. ಫ್ಲಾರೆನ್ಸಿನ ಈ ಕಲ್ಲುಗೆಲಸ ಭಾರತದಲ್ಲಿಯೂ ಇದೆ. ದಿಲ್ಲಿಯ ಕೆಂಪುಕೋಟೆಯಲ್ಲಿ ಷಹಜಹಾನನ ಸಿಂಹಾಸನದ ಹಿಂದಿನ ಗೋಡೆಯಲ್ಲಿರುವ ಹಕ್ಕಿಗಳ ಫಲಕಗಳೂ, ವಾದ್ಯ ನುಡಿಸುವ ಆರ್ಫಿಯಸ್ಸನ ಫಲಕವೂ ಇಲ್ಲಿಂದಲೇ ಹೋದವೆಂದು ವಿದ್ವಾಂಸರ ಮತ.

ಉಳಿದ ಸೇತುವೆ, ಮರಳಿದ ಸೇತುವೆ

ಸಂಜೆಯ ಬಿಸಿಲು ಹೊಂಬಣ್ಣಕ್ಕೆ ತಿರುಗುವಾಗ ಎಲ್ಲರೂ ಪಾಂಟೆ ವೆಕಿಯೋ ಎಂಬ ಹಳೆಯ ಸೇತುವೆಗೆ ಬರುತ್ತಾರೆ. 1333ರ ಪ್ರವಾಹ ಕೊಚ್ಚಿಕೊಂಡುಹೋದ ಸೇತುವೆಯ ಬದಲಿಗೆ 1345ರಲ್ಲಿ ಕಟ್ಟಿದ್ದಿದು. ಇಕ್ಕೆಲದಲ್ಲಿಯೂ ಅಂಗಡಿಗಳ ಸಾಲು. ಮೊದಲು ಇಲ್ಲಿ ಕಟುಕರಿದ್ದರು. ದುರ್ವಾಸನೆ ತಾಳಲಾರದೆ 1593ರಲ್ಲಿ ದೊರೆ ಅವರನ್ನು ತೆರವು ಮಾಡಿಸಿ ಅಕ್ಕಸಾಲೆಗಳಿಗೆ ಜಾಗ ಕೊಟ್ಟನು. ಇಂದಿಗೂ ಇಲ್ಲಿರುವುದು ಚಿನ್ನದಂಗಡಿಗಳೇ. 1966ರ ರಾತ್ರಿ ಸೇತುವೆಯ ಕಾವಲುಗಾರ ಅಂಗಡಿಯವರನ್ನು ದೂರವಾಣಿಯಲ್ಲಿ ಎಬ್ಬಿಸಿದ್ದರಿಂದ ಕೆಲವರು ಓಡಿಬಂದು ತಮ್ಮ ಒಡವೆಗಳನ್ನು ಉಳಿಸಿಕೊಂಡರು. ಮರದ ದಿಮ್ಮಿಗಳು ಬಡಿದು ಅಂಗಡಿಗಳು ನುಚ್ಚುನೂರಾದರೂ ಕಮಾನುಗಳು ಅಲುಗಲಿಲ್ಲ.

ಇನ್ನೊಂದು ಗಂಡಾಂತರ ಅದಕ್ಕೂ ಮುಂಚಿನದು. 1944ರ ಆಗಸ್ಟ್ 3ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ನಗರದ ಉಳಿದೆಲ್ಲ ಸೇತುವೆಗಳನ್ನೂ ಸಿಡಿಮದ್ದಿನಿಂದ ಹಾರಿಸಿತು. ಇದೊಂದನ್ನು ಬಿಟ್ಟಿತು, ಆದರೆ ದಾರಿ ಮುಚ್ಚಲೆಂದು ಇದರ ಎರಡೂ ತುದಿಯ ಹಳೆಯ ಮನೆಗಳನ್ನು ನೆಲಸಮ ಮಾಡಿತು. ನಗರವನ್ನು ಉಳಿಸಲು ಬಹಳವಾಗಿ ಶ್ರಮಿಸಿದ ಜರ್ಮನ್ ಕಾನ್ಸುಲ್ ಗೆರ್ಹಾರ್ಡ್ ವೋಲ್ಫ್ ಎಂಬವನ ಸ್ಮರಣೆಗೆ ಸೇತುವೆಯ ಮೇಲೊಂದು ಫಲಕವಿದೆ. ಶತ್ರುಸೈನ್ಯದ ದೇಶದವನಿಗೂ ಈ ಊರು ತನ್ನ ಪೌರತ್ವವನ್ನು ಕೊಟ್ಟು ಗೌರವಿಸಿತು.

ಇಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಸಾಂತಾ ತ್ರಿನಿತಾ ಸೇತುವೆಯ ನಯವಾದ ಮೂರು ಕಮಾನುಗಳು ಕಾಣುತ್ತವೆ. ಆ ರಾತ್ರಿ ಪುಡಿಯಾದ ಸೇತುವೆಗಳಲ್ಲಿ ಇದೂ ಒಂದು. ಹೊಸ ಮಾದರಿಯ ಸೇತುವೆ ಕಟ್ಟೋಣವೆಂದರೆ ಊರವರು ಕೇಳಲಿಲ್ಲ. ನದಿಯ ತಳದಿಂದ ಹಳೆಯ ಕಲ್ಲುಗಳನ್ನೆತ್ತಿದರು. ಸಾಲದ್ದಕ್ಕೆ ಹಳೆಯ ಗಣಿಯನ್ನೇ ಮತ್ತೆ ತೆರೆದರು. 1958ರಲ್ಲಿ ಇದ್ದಂತೆಯೇ ಕಟ್ಟಿ ಮುಗಿಸಿದರು. ತುದಿಯಲ್ಲಿ ನಿಂತ ವಸಂತದೇವತೆಯ ತಲೆ ಮಾತ್ರ ಸಿಕ್ಕಿರಲಿಲ್ಲ. 1961ರಲ್ಲಿ ಅದೂ ಆರ್ನೋ ನದಿಯ ಹೂಳಿನಿಂದ ಹೊರಬಂದಿತು. ದೇವತೆ ಮತ್ತೆ ಪೂರ್ಣಳಾದಳು.

ಸಂಗಮದಲ್ಲೊಂದು ಚಿತೆ

ಬಸ್ಸುಗಳು ನಿಲ್ಲದ ಒಂದು ಸ್ಥಳವುಂಟು. ನದಿಯ ಜಾಡು ಹಿಡಿದು ಪಶ್ಚಿಮಕ್ಕೆ ಹೋದರೆ ಕಾಶಿನೆ ಎಂಬ ವಿಶಾಲವಾದ ಉದ್ಯಾನ. ಅದರ ಕೊನೆಯಲ್ಲಿ, ಮುನ್ಯೋನೆ ಎಂಬ ಚಿಕ್ಕ ಹೊಳೆ ಆರ್ನೋ ನದಿಯನ್ನು ಕೂಡುವೆಡೆ, ಮಂಟಪದಡಿಯಲ್ಲಿ ರುಮಾಲು ಸುತ್ತಿದ ಭಾರತೀಯ ತರುಣನೊಬ್ಬನ ಎದೆಮಟ್ಟದ ವಿಗ್ರಹವಿದೆ. ಬೆಳಗಾವಿಗೆ ನೆರೆಯ ಕೊಲ್ಲಾಪುರದ ಮಹಾರಾಜ ರಾಜಾರಾಮನದು ಅದು. ಇಂಗ್ಲೆಂಡಿನ ಪ್ರವಾಸ ಮುಗಿಸಿ ಸ್ವದೇಶಕ್ಕೆ ಮರಳುತ್ತಿದ್ದ ಈ 20 ವರ್ಷದ ಅರಸ 1870ರ ನವೆಂಬರ್ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡನು. ಶವವನ್ನು ದಹಿಸುವ ಪದ್ಧತಿಯೇ ಇಲ್ಲದ ನಾಡು ಅದು. ಆದರೂ ಪರಿವಾರದವರ ಪ್ರಾರ್ಥನೆಗೆ ಅಧಿಕಾರಿಗಳು ಒಪ್ಪಿದರು. ಎರಡು ನೀರು ಕೂಡುವ ಸ್ಥಳದಲ್ಲಿ ಹಿಂದೂ ವಿಧಿಯಂತೆ ಚಿತೆ ಉರಿಯಿತು. 1874ರಲ್ಲಿ ಸ್ಮಾರಕ ಎದ್ದಿತು. ಸಮೀಪದಲ್ಲಿ ಮುಂದೆ ಕಟ್ಟಿದ ಹೆದ್ದಾರಿಯ ಸೇತುವೆಗೆ ಜನರು ಅವನ ನೆನಪಿನಿಂದಲೇ ‘ಭಾರತೀಯನ ಸೇತುವೆ’ ಎಂಬ ಹೆಸರಿಟ್ಟುಕೊಂಡರು. ದಾರಿಯಲ್ಲಿ ಸತ್ತ ಅಪರಿಚಿತನ ನೆನಪನ್ನೂ ಈ ಊರು ಕಾಪಾಡಿಕೊಂಡಿದೆ.

ಆರು ಗಂಟೆ

ಕೊಡೆ ಮತ್ತೆ ಮೇಲೆದ್ದಿತು. ತಲೆ ಎಣಿಸುವ ಕೆಲಸ ನಡೆಯಿತು. ಪ್ರವಾಸಿಗಳ ಕೈಯಲ್ಲಿ ಚರ್ಮದ ಚೀಲಗಳು, ಚಿತ್ರದ ಕಾರ್ಡುಗಳು, ಪಾದಗಳಲ್ಲಿ ನೋವು. ಡೇವಿಡ್ ವಿಗ್ರಹದ ಮೂಲವನ್ನು ನೋಡಲಾಗದವರಿಗೆ ಸ್ವಲ್ಪ ವ್ಯಥೆ.

ಇವರ ಬರವು ಊರಿಗೆ ಅನ್ನವೂ ಹೌದು, ಹೊರೆಯೂ ಹೌದು. ಸುಮಾರು 3 ಲಕ್ಷ 60 ಸಾವಿರ ಜನರ ನಗರಕ್ಕೆ ಪ್ರತಿ ವರ್ಷ ಲಕ್ಷಗಟ್ಟಲೆ ಅತಿಥಿಗಳು ಬರುತ್ತಾರೆ. ಹಳೆಯ ಪಟ್ಟಣದ ಮನೆಗಳು ಒಂದೊಂದಾಗಿ ಪ್ರವಾಸಿಗಳ ಬಿಡಾರಗಳಾದಂತೆ, ಅಲ್ಲಿಯೇ ಹುಟ್ಟಿ ಬೆಳೆದವರು ಬಾಡಿಗೆ ತೆರಲಾರದೆ ಊರಂಚಿಗೆ ಸರಿಯುತ್ತಿದ್ದಾರೆ. ಯುನೆಸ್ಕೋ ಸಂಸ್ಥೆ 1982ರಲ್ಲಿ ಜಗತ್ತಿನ ಪರಂಪರೆಯೆಂದು ಗುರುತಿಸಿದ ಈ ಭಾಗದಲ್ಲಿ ಹೊಸದಾಗಿ ಇಂಥ ಬಿಡಾರಗಳನ್ನು ತೆರೆಯಕೂಡದೆಂದು ನಗರಸಭೆ 2023ರಲ್ಲಿ ತೀರ್ಮಾನಿಸಬೇಕಾಯಿತು. ನೀರಿಗೂ ಸಿಡಿಮದ್ದಿಗೂ ಅಂಜದ ಊರು ಅಭಿಮಾನಿಗಳ ಭಾರವನ್ನು ಹೊರುವುದು ಹೇಗೆಂಬುದು ಇಂದಿನ ಪ್ರಶ್ನೆ. ಚಿತ್ರಗಳೆಲ್ಲ ಊರಿನಲ್ಲಿಯೇ ಇರಬೇಕೆಂದು ಆನ್ನಾ ಮರಿಯಾ ಬರೆಸಿದಳು. ಊರವರೂ ಊರಿನಲ್ಲಿಯೇ ಇರಬೇಕೆಂಬುದನ್ನು ಅವಳು ಬರೆಸುವ ಅಗತ್ಯವೇ ಆಗ ಇರಲಿಲ್ಲ.

ಹೊರಡುವ ಬಸ್ಸಿನ ಕಿಟಕಿಯಿಂದ ಹಿಂದಿರುಗಿ ನೋಡಿದವರಿಗೆ, ಮನೆಗಳೆಲ್ಲ ಮರೆಯಾದ ಮೇಲೆಯೂ ಆ ಗುಮ್ಮಟ ಬಹಳ ಹೊತ್ತು ಕಾಣುತ್ತಲೇ ಇರುತ್ತದೆ. ದುರಸ್ತಿಯ ಕಾರ್ಯಾಗಾರದಲ್ಲಿ ಯಾರೋ ಒಬ್ಬರು ಆ ದಿನದ ಕೆಲಸ ಮುಗಿಸಿ ಕುಂಚವನ್ನು ತೊಳೆದಿಟ್ಟಿರುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ಬಸ್ಸು ಅದೇ ಗುಡ್ಡದ ಮೇಲೆ ಬಂದು ನಿಲ್ಲುತ್ತದೆ.